ಊಟ ಹಾಕಿದ ಸಂಘಗಳು

ಪ್ರಶ್ನೆ: ಉತ್ತರ ಕರ್ನಾಟಕದ ಹಳೆಯ ಹೈಸ್ಕೂಲು, ಕಾಲೇಜುಗಳಲ್ಲಿ ಬಹಳಷ್ಟು ಯಾವುದೋ ಸಂಘದ ಇಲ್ಲವೇ ಸೊಸೈಟಿಯ ಹೆಸರಿನಲ್ಲೇ ಇವೆ. ಆಗ ಸರ್ಕಾರ ಏನು ಮಾಡುತ್ತಿತ್ತು?

ಉತ್ತರ: ಸರ್ಕಾರ ಬೇಕೆಂದೇ ಹಿಂದೆ ನಿಂತಿತ್ತು. 1854ರ ವುಡ್ ವರದಿ ಖಾಸಗಿ ಶಾಲೆಗಳಿಗೆ ಸಹಾಯಧನದ ದಾರಿ ತೆರೆಯಿತು. 1882ರ ಹಂಟರ್ ಆಯೋಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪ್ರೌಢ ಮತ್ತು ಉನ್ನತ ಶಿಕ್ಷಣವನ್ನು ಕ್ರಮೇಣ ಜನರ ಕೈಗೇ ಬಿಡಬೇಕೆಂದಿತು. ಜನರೇ ದುಡ್ಡು ಕೂಡಿಸಿ ಶಾಲೆ ನಡೆಸಬೇಕು, ಸರ್ಕಾರದ ಗ್ರ್ಯಾಂಟು ಅದಕ್ಕೆ ಒತ್ತಾಸೆ.

ಬೆಳಗಾವಿ, ಧಾರವಾಡಗಳು ಆಗ ಸೇರಿದ್ದ ಮುಂಬಯಿ ಪ್ರಾಂತ್ಯದಲ್ಲಿ ಇದಕ್ಕೆ ಮೊದಲ ದೊಡ್ಡ ಮಾದರಿ ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿ (1884). ಅಲ್ಲಿನ ಶಿಕ್ಷಕರು ಆಜೀವ ಸದಸ್ಯರು. ಕಡಿಮೆ ಸಂಬಳಕ್ಕೆ ದುಡಿಯುತ್ತ ಸಂಸ್ಥೆಯನ್ನೂ ತಾವೇ ನಡೆಸುವವರು. 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕೆ.ಎಲ್.ಇ. (ಕರ್ನಾಟಕ ಲಿಂಗಾಯತ ಎಜುಕೇಶನ್) ಸೊಸೈಟಿ ಅದೇ ಕ್ರಮ ಹಿಡಿಯಿತು. ಸ್ಥಾಪಕರು ಏಳು ಜನ. ವಚನ ಸಾಹಿತ್ಯಕ್ಕೆ ದುಡಿದ ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ ಅವರಲ್ಲಿದ್ದರು. ಜನ ಇಂದಿಗೂ ಅವರನ್ನು ಸಪ್ತರ್ಷಿಗಳೆನ್ನುತ್ತಾರೆ, ಆ ಗೌರವ ಅವರಿಗೆ ಸಲ್ಲಲೇಬೇಕು. 1933ರಲ್ಲಿ ಅವರ ಸೊಸೈಟಿ ತೆರೆದ ಕಾಲೇಜಿಗೆ ಸಿರಸಂಗಿ ಲಿಂಗರಾಜರ ಹೆಸರು ಬಂತು. 1906ರಲ್ಲಿ ತೀರಿಕೊಂಡ ಆ ದೇಸಾಯರು ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗೆಂದು ಬರೆದಿಟ್ಟು ಹೋಗಿದ್ದರು.

ಆದರೆ ಈ ಸಂಘಗಳ ಅತಿ ದೊಡ್ಡ ಕೆಲಸ ಕಟ್ಟಡವಲ್ಲ, ಊಟ ಎಂದು ನನಗನಿಸುತ್ತದೆ. ಹೈಸ್ಕೂಲು ಪೇಟೆಯಲ್ಲಿ, ಹುಡುಗ ಹಳ್ಳಿಯಲ್ಲಿ. ಫೀ ಹೇಗೋ ಹೊಂದಿಸಿಕೊಂಡು ಬಂದರೂ ಅವನು ಉಣ್ಣುವುದೆಲ್ಲಿ, ಮಲಗುವುದೆಲ್ಲಿ? ಬಡ ಬ್ರಾಹ್ಮಣ ಹುಡುಗರಿಗೆ ವಾರಾನ್ನವಿತ್ತು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಒಕ್ಕಲು ಮನೆಯ, ಕುಶಲಕರ್ಮಿಗಳ ಮಕ್ಕಳಿಗೆ ಪೇಟೆಯಲ್ಲಿ ಅಂಥ ಬಾಗಿಲುಗಳಿರಲಿಲ್ಲ. ಮಠಗಳೂ ಜಾತಿ ಸಂಘಗಳೂ ಬೋರ್ಡಿಂಗು, ಪ್ರಸಾದನಿಲಯ ತೆರೆದಾಗಲೇ ಅವರ ಓದು ಶುರುವಾದದ್ದು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು, ತುಮಕೂರಿನ ಸಿದ್ಧಗಂಗೆಯಲ್ಲಿ ಉದ್ಧಾನ ಶಿವಯೋಗಿಗಳು ಹಾಕಿದ ಪಂಕ್ತಿಯಲ್ಲಿ ಉಂಡು ಓದಿದವರ ಮಕ್ಕಳು, ಮೊಮ್ಮಕ್ಕಳು ಇಂದು ನಾಡಿನ ಎಲ್ಲ ಕಡೆ ಇದ್ದಾರೆ.

ಇದರ ಇನ್ನೊಂದು ಮಗ್ಗುಲು ನೋವಿನದು. ದೇಸಾಯರು, ವ್ಯಾಪಾರಿಗಳು, ಮಠಗಳು ಬೆನ್ನಿಗಿದ್ದ ಸಮುದಾಯಗಳು ಸಂಘ ಕಟ್ಟಿದವು. ಭೂಮಿಯಾಗಲಿ ದಾನಿಗಳಾಗಲಿ ಇಲ್ಲದವರು ಹೊರಗೇ ಉಳಿದರು. ಮಂಗಳೂರಿನ ವಕೀಲ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ 1892ರಲ್ಲೇ ಶಾಲೆ ತೆರೆದು, ಮುಂದೆ ಅದಕ್ಕೊಂದು ಮಿಷನ್ ಕಟ್ಟಿದರು. ಅದಕ್ಕೆ ಅವರದೇ ಜಾತಿಯವರು ಅವರನ್ನು ದೂರವಿಟ್ಟರು. ಬೇರೆಯವರ ಮಕ್ಕಳಿಗಾಗಿ ಕಟ್ಟಿದ ಇಂಥ ಸಂಸ್ಥೆಗಳು ಆ ಕಾಲದಲ್ಲಿ ತೀರ ವಿರಳ.

ನಿಮ್ಮೂರಿನ ಸಂಘದ ಹಳೆಯ ವಾರ್ಷಿಕ ವರದಿಗಳು ಸಿಕ್ಕರೆ ಕಟ್ಟಡ ನಿಧಿಯ ಪುಟಕ್ಕಿಂತ ಮೊದಲು ಬೋರ್ಡಿಂಗಿನ ಪುಟ ತೆರೆಯಿರಿ. ಯಾವ ಹಳ್ಳಿಯ, ಯಾರ ಮಕ್ಕಳು ಅಲ್ಲಿ ಉಂಡರು ಎಂಬುದರ ಸುಳಿವು ಅಲ್ಲಿ ಸಿಗಬಹುದು.