ಲಿಂಕಿನ ದಲಾಲಿ: ಹೊಲ ಬಿಡುವ ಮೊದಲು ತಿಳಿಯಬೇಕಾದ ಸಂಗತಿಗಳು



ಈಚೆಗೆ ಜೇವರ್ಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಪರೀಕ್ಷೆಗೆಂದು ಹೊಲದ ಮಣ್ಣು ತೆಗೆಯುತ್ತಿದ್ದೆ. ಹೊಲದ ಯಜಮಾನರ ಹಿರಿಯ ಮಗ ಗುದ್ದಲಿ ಕೆಳಗಿಟ್ಟು ಕೇಳಿದ: "ಸರ್, ಈ ವರ್ಷ ಆರೂ ಎಕರೆ ಲಾವಣಿಗಿ ಕೊಟ್ಟು ಬಿಡಬೇಕಂತ ಮಾಡೀನ್ರಿ. ಮೊಬೈಲ್‌ದಾಗ ಲಿಂಕ್ ಹಾಕಿದ್ರ ಕುಂತಲ್ಲೇ ತಿಂಗಳಿಗಿ ಮೂವತ್ತು ಸಾವಿರ ಬರ್ತಾದಂತ. ಖರೆ ಏನ್ರಿ?"

ತಂದೆಯವರು ಮಾತಾಡಲಿಲ್ಲ, ನನ್ನ ಮುಖ ನೋಡಿದರು. 2022-23ರಲ್ಲಿ ಅವರ ತೊಗರಿ ನೆಟೆರೋಗದಿಂದ ನಿಂತಲ್ಲೇ ಒಣಗಿತ್ತು. 2025ರ ಸೆಪ್ಟೆಂಬರಿನಲ್ಲಿ ಭೀಮೆ ಉಕ್ಕಿದಾಗ ತಗ್ಗಿನ ಎರಡು ಎಕರೆ ನೀರಿನಡಿ ಇತ್ತು. ಇಷ್ಟು ಕಂಡ ಮನೆಯ ಹುಡುಗ ಬೇರೆ ಕಸುಬಿನ ಕಡೆ ನೋಡಿದರೆ ತಪ್ಪೆಂದು ಹೇಳುವ ಬಾಯಿ ನನಗಿಲ್ಲ. ಆದರೆ "ಖರೆ ಏನ್ರಿ" ಎಂಬ ಪ್ರಶ್ನೆಗೆ ಒಂದು ಮಾತಿನ ಉತ್ತರವೂ ನನ್ನಲ್ಲಿರಲಿಲ್ಲ. ಇದೇ ಪ್ರಶ್ನೆಯನ್ನು ಆಳಂದ, ಅಫಜಲಪುರ ಕಡೆಯ ಯುವಕರೂ ಕೇಳಿದ್ದಾರೆ. ಆದುದರಿಂದ ನನಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇನೆ.

ಇದು ಎಂಥ ಕಸುಬು?

ಕಲಬುರಗಿಯ ಗಂಜಿಗೆ ತೊಗರಿ ಒಯ್ದವರಿಗೆಲ್ಲ ಅಡತಿ ಅಂಗಡಿ ಗೊತ್ತು. ಅಡತಿಯವನು ತನ್ನ ಹೊಲದ ತೊಗರಿಯನ್ನು ಮಾರುವುದಿಲ್ಲ, ತನ್ನ ಮನೆಗೆ ಕೊಳ್ಳುವುದೂ ಇಲ್ಲ. ಮಾರುವವನನ್ನೂ ಕೊಳ್ಳುವವನನ್ನೂ ಕೂಡಿಸುತ್ತಾನೆ. ವ್ಯಾಪಾರ ಕುದುರಿದರೆ ಅವನಿಗೆ ದಲಾಲಿ. ಅಫಿಲಿಯೇಟ್ ಮಾರ್ಕೆಟಿಂಗ್ ಎಂದು ಕರೆಯುವುದು ಇದೇ ಕೆಲಸವನ್ನು. ಅಂಗಡಿ ಮಾತ್ರ ಮೊಬೈಲಿನಲ್ಲಿರುತ್ತದೆ. ಅಮೆಜಾನ್ ಬರಿಯ ಪುಸ್ತಕದಂಗಡಿಯಾಗಿದ್ದಾಗಲೇ, 1996ರಲ್ಲಿ, ತನ್ನ ಪುಸ್ತಕಗಳಿಗೆ ಗಿರಾಕಿ ಕಳಿಸಿದವರಿಗೆ ದಲಾಲಿ ಕೊಡುವ ಪದ್ಧತಿಯನ್ನು ಆರಂಭಿಸಿತು. ನಮ್ಮ ದೇಶದಲ್ಲಿ ಆ ಕಂಪನಿ ಅಂಗಡಿ ತೆರೆದದ್ದು 2013ರಲ್ಲಿ. 2024ರ ಅಕ್ಟೋಬರಿನಿಂದ ಯೂಟ್ಯೂಬ್ ಕೂಡ ಫ್ಲಿಪ್‌ಕಾರ್ಟ್ ಮತ್ತು ಮಿಂತ್ರಾ ಜೊತೆ ಸೇರಿ ವಿಡಿಯೋದಲ್ಲಿಯೇ ಸರಕು ತೋರಿಸಿ ದಲಾಲಿ ಪಡೆಯುವ ವ್ಯವಸ್ಥೆಯನ್ನು ಇಲ್ಲಿಗೆ ತಂದಿದೆ.

ನಡೆಯುವ ಬಗೆ ಹೀಗಿದೆ. ನೀವು ಕಂಪನಿಯಲ್ಲಿ ಹೆಸರು ನೋಂದಾಯಿಸಿದರೆ ನಿಮಗೊಂದು ಗುರುತು ಕೊಡುತ್ತಾರೆ. ನೀವು ಕಳಿಸುವ ಪ್ರತಿಯೊಂದು ಲಿಂಕಿನಲ್ಲಿಯೂ ಆ ಗುರುತು ಅಡಗಿರುತ್ತದೆ. ಧಾನ್ಯದ ಚೀಲದ ಮೇಲೆ ಹಾಕಿದ ಹೆಸರಿನಂತೆ ಎಂದು ತಿಳಿಯಿರಿ. ಯಾರಾದರೂ ಆ ಲಿಂಕನ್ನು ಒತ್ತಿ ಅಂಗಡಿಗೆ ಹೋದರೆ ಅಮೆಜಾನ್ ಆ ಗುರುತನ್ನು 24 ಗಂಟೆ ನೆನಪಿಟ್ಟುಕೊಳ್ಳುತ್ತದೆ. ಅಷ್ಟರಲ್ಲಿ ಅವರು ಕೊಂಡರೆ ನಿಮ್ಮ ಲೆಕ್ಕಕ್ಕೆ ಬರುತ್ತದೆ. ಲಿಂಕ್ ನೋಡಿ ಸುಮ್ಮನಾಗಿ ವಾರದ ಮೇಲೆ ತಾವಾಗಿಯೇ ಹೋಗಿ ಕೊಂಡರೆ ನಿಮಗೆ ಏನೂ ಇಲ್ಲ. ಕೊಂಡ ಸರಕನ್ನು ವಾಪಸು ಕಳಿಸಿದರೂ ದಲಾಲಿ ಹೋಗುತ್ತದೆ. ಹಣ ಕೈಗೆ ಬರುವುದು ತಿಂಗಳು ಮುಗಿದು ಸುಮಾರು ಎರಡು ತಿಂಗಳಾದ ಮೇಲೆ. ನಿಮ್ಮ ಲಿಂಕಿನಿಂದ ನೀವೇ ಕೊಂಡರೆ ದಲಾಲಿ ಸಿಗುವುದಿಲ್ಲ. ಈ ಉಪಾಯ ಹೊಳೆಯದವರು ಯಾರೂ ಇಲ್ಲ, ನನಗೂ ಹೊಳೆದಿತ್ತು.

ಈಗ ಆ ಮೂವತ್ತು ಸಾವಿರದ ಲೆಕ್ಕವನ್ನು ಮಾಡೋಣ. ಬ್ಯಾಟರಿ ಪಂಪ್ ಒಂದಕ್ಕೆ 3,000 ರೂಪಾಯಿ ಎಂದಿಟ್ಟುಕೊಳ್ಳಿ. ದಲಾಲಿ ಸರಕಿನಿಂದ ಸರಕಿಗೆ ಬೇರೆ. ನೂರಕ್ಕೆ 4 ಎಂದು ಹಿಡಿಯೋಣ. ಒಂದು ಪಂಪಿಗೆ 120 ರೂಪಾಯಿ ಆಯಿತು. 30,000 ಬೇಕಾದರೆ ತಿಂಗಳಿಗೆ 250 ಪಂಪುಗಳು ಹೋಗಬೇಕು. ಲಿಂಕ್ ಒತ್ತಿದ ನೂರು ಮಂದಿಯಲ್ಲಿ ಇಬ್ಬರು ಕೊಳ್ಳುತ್ತಾರೆಂದರೆ, ಪ್ರತಿ ತಿಂಗಳೂ 12,500 ಮಂದಿ ಲಿಂಕ್ ಒತ್ತಬೇಕು. ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಎಷ್ಟು ಮಂದಿ ಇದ್ದಾರೆಂಬುದನ್ನು ಎಣಿಸಿ ನೋಡಿ. ಅದರಲ್ಲಿ ಪಂಪ್ ಬೇಕಾದವರೆಷ್ಟು, ಹೋದ ವರ್ಷವೇ ಕೊಂಡವರೆಷ್ಟು ಎಂಬುದನ್ನೂ ಲೆಕ್ಕ ಹಾಕಿ.

ಹಾಗಾದರೆ ಇದರಿಂದ ಗಳಿಸುವವರು ಇಲ್ಲವೆ? ಇದ್ದಾರೆ. ನಾನು ಕಣ್ಣಾರೆ ಕಂಡ ಒಬ್ಬರ ಸಂಗತಿಯನ್ನು ಹೇಳುತ್ತೇನೆ.

ಪಂಪ್ ರಿಪೇರಿಯ ಗೆಳೆಯ

ಅಫಜಲಪುರ ತಾಲೂಕಿನ ಈ ಗೆಳೆಯನಿಗೆ ಐದು ಎಕರೆ ಹೊಲ. ತೊಗರಿ ಹೆಚ್ಚು, ಭೀಮೆಯ ಕಡೆಗೆ ಸ್ವಲ್ಪ ಕಬ್ಬು. ಔಷಧ ಹೊಡೆಯುವ ಪಂಪನ್ನು ಬಿಚ್ಚಿ ಜೋಡಿಸುವುದರಲ್ಲಿ ಅವನ ಕೈ ಬಲು ಚುರುಕು. ಊರವರೆಲ್ಲ ಅವನ ಕಟ್ಟೆಗೇ ತರುತ್ತಿದ್ದರು. ಒಂದು ದಿನ ಅವನ ತಮ್ಮ ಆ ಕೆಲಸವನ್ನು ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದ. ಮೂರು ನಿಮಿಷದ ವಿಡಿಯೋ: ನಾಜಲ್ ಕಟ್ಟಿದರೆ ಸೂಜಿ ಚುಚ್ಚಬೇಡಿ, ತೂತು ದೊಡ್ಡದಾಗಿ ಔಷಧ ಹೆಚ್ಚು ಸುರಿಯುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ನೀರಿನಲ್ಲಿ ತಿಕ್ಕಿರಿ ಎಂದು. ಮಾತು ನಮ್ಮ ಕಡೆಯ ಮಾತು, ಹಿನ್ನೆಲೆಯಲ್ಲಿ ಎಮ್ಮೆಯ ಕೂಗು. ನೋಡಿದವರು ಕೇಳತೊಡಗಿದರು: ಯಾವ ಪಂಪ್ ಒಳ್ಳೆಯದು, ಒಂದು ಚಾರ್ಜಿಗೆ ಎಷ್ಟು ಟ್ಯಾಂಕ್ ಬರುತ್ತದೆ, ವಾಷರ್ ಎಲ್ಲಿ ಸಿಗುತ್ತದೆ?

ಇಲ್ಲಿ ಅವನು ಒಂದು ಒಳ್ಳೆಯ ಕೆಲಸ ಮಾಡಿದ. ತನ್ನ ಬಳಿ ರಿಪೇರಿಗೆ ಬಂದ ಪಂಪುಗಳನ್ನೇ ಹೊಲದಲ್ಲಿ ಹೊಡೆದು, ಟ್ಯಾಂಕ್ ಎಣಿಸಿ, ಬರೆದಿಟ್ಟುಕೊಂಡ. ಎರಡು ಪಂಪುಗಳ ಲಿಂಕ್ ಮಾತ್ರ ಹಾಕಿದ. ಹಾಕುವಾಗ "ಇದರ ಪಟ್ಟಿ ಹೆಗಲು ಕೊಯ್ತಾದ, ಗೋಣಿ ತಟ್ಟಿನ ತುಂಡು ಕಟ್ಕೋರಿ" ಎಂದು ಅದರ ದೋಷವನ್ನೂ ಹೇಳಿದ. ದೋಷ ಹೇಳಿದ್ದರಿಂದ ಗಿರಾಕಿ ಓಡಿಹೋಗಲಿಲ್ಲ. ಇವನ ಮಾತು ನಂಬಬಹುದು ಎಂದು ಬಂದರು.

ಫಲವೇನು? ಮೊದಲ ಮೂರು ತಿಂಗಳು ಒಂದು ರೂಪಾಯಿಯೂ ಇಲ್ಲ. ನಾಲ್ಕನೆಯ ತಿಂಗಳು 86 ರೂಪಾಯಿ. ಎರಡನೆಯ ವರ್ಷ, ತೊಗರಿಗೆ ಕಾಯಿಕೊರಕ ಬೀಳುವ ಕಾಲದಲ್ಲಿ ತಿಂಗಳಿಗೆ ಎರಡು-ಮೂರು ಸಾವಿರ. ಬೇಸಿಗೆಯಲ್ಲಿ ಮತ್ತೆ ಬರಿಗೈ. ವರ್ಷದ ಮೊತ್ತ 14,000 ಚಿಲ್ಲರೆ. 2025-26ರಲ್ಲಿ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ ಇತ್ತು. ಅಂದರೆ ಎರಡು ವರ್ಷ ಬೆವರಿಳಿಸಿದ ಮೇಲೆ ಅವನ ದಲಾಲಿ ಎರಡು ಕ್ವಿಂಟಲ್ ತೊಗರಿಗಿಂತ ಕಡಿಮೆ. ಅವನು ಇದನ್ನು ಬಿಟ್ಟಿಲ್ಲ, ಬಿಡುವವನೂ ಅಲ್ಲ; ಆ ಹಣದಲ್ಲಿ ತಂಗಿಯ ಕಾಲೇಜಿನ ಫೀ ಕಟ್ಟಿದ್ದಾನೆ. ಆದರೆ ಹೊಲ ಬಿಟ್ಟಿದ್ದರೆ ತೋರಿಸಲು ಅವನ ಬಳಿ ಏನಿರುತ್ತಿತ್ತು? ವಿಡಿಯೋ ಹುಟ್ಟುವುದೇ ಆ ಹೊಲದಲ್ಲಿ.

ನಾನು ಮೋಸಹೋದದ್ದು

ಈಗ ನನ್ನ ಕಥೆ. ಹೇಳಲು ನಾಚಿಕೆಯಿದೆ, ಆದರೆ ಹೇಳದಿದ್ದರೆ ಈ ಪಾಠ ಅರ್ಧವಾದೀತು. ಕೃಷಿ ಡಿಪ್ಲೊಮಾ ಮುಗಿಸಿ ನೌಕರಿ ಇಲ್ಲದೆ ಕುಳಿತಿದ್ದ ಕಾಲ. "ಅಫಿಲಿಯೇಟ್ ಕಲಿಸುತ್ತೇವೆ" ಎಂಬ ಒಂದು ಸಂಸ್ಥೆಗೆ 4,999 ರೂಪಾಯಿ ಕಟ್ಟಿದೆ. ಹತ್ತು ವಿಡಿಯೋ ಕಳಿಸಿದರು. ಹನ್ನೊಂದನೆಯದರಲ್ಲಿ ಗುಟ್ಟು ಬಿಚ್ಚಿದರು: ನಾನು ಮಾರಬೇಕಾದ ಸರಕು ಬೇರೇನೂ ಅಲ್ಲ, ಆ ಕೋರ್ಸೇ! ಒಬ್ಬರನ್ನು ಸೇರಿಸಿದರೆ ಅವರು ಕಟ್ಟಿದ್ದರಲ್ಲಿ ಅರ್ಧ ನನಗೆ. ನನ್ನ ಹಣ ಹೊರಗೆ ಬಂದರೆ ಸಾಕೆಂದು ನನ್ನ ಸೋದರಮಾವನ ಮಗನನ್ನೂ ಒಬ್ಬ ಗೆಳೆಯನನ್ನೂ ಸೇರಿಸಿದೆ. ಅವರು ಯಾರನ್ನೂ ಸೇರಿಸಲಾಗಲಿಲ್ಲ. ಮಾವ ಏನೂ ಅನ್ನಲಿಲ್ಲ. ಆದರೆ ಆ ವರ್ಷದ ಜಾತ್ರೆಗೆ ನನ್ನನ್ನು ಕರೆಯಲಿಲ್ಲ. ನೌಕರಿ ಸಿಕ್ಕ ಮೇಲೆ ಇಬ್ಬರ ಹಣವನ್ನೂ ಪೂರ್ತಿ ಕೊಟ್ಟೆ. ಮಾವ ಹಣ ತೆಗೆದುಕೊಂಡರು. ಮೊದಲಿನ ಸಲಿಗೆ ಮಾತ್ರ ಇನ್ನೂ ಬಂದಿಲ್ಲ.

ಆದುದರಿಂದ ಬಂಧುಗಳೇ, ಗುರುತು ಇದು: ನಿಜವಾದ ದಲಾಲಿಯಲ್ಲಿ ಸೇರಲು ಹಣ ಕೇಳುವುದಿಲ್ಲ. ಅಮೆಜಾನ್ ನೋಂದಣಿಗೆ ಒಂದು ಪೈಸೆಯೂ ಬೇಡ. ಸರಕಿಗಿಂತ ಜನರನ್ನು ಸೇರಿಸುವುದಕ್ಕೇ ಹಣ ಸಿಗುವುದಾದರೆ ಅದು ದಲಾಲಿಯಲ್ಲ, ಸರಪಳಿ. ಹೀಗೆ ಹಣ ಸುತ್ತಿಸುವ ಯೋಜನೆಗಳನ್ನು 1978ರ ಕೇಂದ್ರ ಕಾಯಿದೆಯೇ ನಿಷೇಧಿಸಿದೆ. 2021ರ ಡಿಸೆಂಬರಿನಲ್ಲಿ ಬಂದ ನೇರ ಮಾರಾಟದ ನಿಯಮಗಳೂ ನಿಷೇಧಿಸಿವೆ. "ವಿಡಿಯೋಕ್ಕೆ ಲೈಕ್ ಒತ್ತಿದರೆ 50 ರೂಪಾಯಿ" ಎಂದು ಮೊದಲು ಚಿಲ್ಲರೆ ಹಾಕಿ, ಆಮೇಲೆ "ದೊಡ್ಡ ಕೆಲಸಕ್ಕೆ ಹಣ ಕಟ್ಟು" ಎನ್ನುವವರು ಬರಿಯ ಕಳ್ಳರು. ಹಣ ಹೋದರೆ ನಾಚಿಕೆ ಪಡದೆ ಕೂಡಲೆ 1930ಕ್ಕೆ ಫೋನ್ ಮಾಡಿರಿ. ತಡವಾದಷ್ಟೂ ಹಣ ಕೈಗೆ ಸಿಗುವುದು ಕಷ್ಟ.

ಆರಂಭಿಸುವ ಬಗೆ

ಮಾಡಲೇಬೇಕೆಂಬ ಹುರುಪು ಇದ್ದವರು ಮೊದಲು ತಮಗೆ ಚೆನ್ನಾಗಿ ತಿಳಿದ ಒಂದೇ ವಿಷಯವನ್ನು ಹಿಡಿಯಿರಿ. ಕುಡಗೋಲು, ತಾಡಪತ್ರಿ, ಹಾಲು ಕರೆಯುವ ಯಂತ್ರ, ರೊಟ್ಟಿಯ ಹಂಚು, ಯಾವುದಾದರೂ ಆದೀತು. ಸೀರೆಯ ತಿಳಿವಳಿಕೆ ಇರುವ ಹೆಣ್ಣುಮಕ್ಕಳು ಸೀರೆಯನ್ನೇ ಹಿಡಿಯಬಹುದು. 2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೀಶೋ ಮೊದಲು ಬೆಳೆದದ್ದು ಗೃಹಿಣಿಯರು ವಾಟ್ಸಾಪಿನಲ್ಲಿ ಬಟ್ಟೆ ತೋರಿಸಿ ಮಾರಿದ್ದರಿಂದಲೇ. ಲಿಂಕ್ ಹಾಕುವ ಮೊದಲು ಹತ್ತು ವಿಡಿಯೋಗಳನ್ನಾದರೂ ಬರಿಯ ಉಪಯೋಗಕ್ಕಾಗಿ ಮಾಡಿರಿ. ಅಮೆಜಾನಿನಲ್ಲಿ ನೋಂದಾಯಿಸಿದ 180 ದಿನಗಳೊಳಗೆ ಮೂರು ಮಾರಾಟವಾದರೂ ಆಗದಿದ್ದರೆ ಖಾತೆ ಮುಚ್ಚುತ್ತಾರೆ. ಹಾಗಾಗಿ ಜನ ಕೂಡಿದ ಮೇಲೆ ನೋಂದಣಿ ಮಾಡುವುದು ಲೇಸು.

ಪ್ಯಾನ್ ಕಾರ್ಡೂ ನಿಮ್ಮದೇ ಹೆಸರಿನ ಬ್ಯಾಂಕ್ ಖಾತೆಯೂ ಬೇಕು. ಒಕ್ಕಲುತನದ ವರಮಾನಕ್ಕೆ ಆದಾಯ ತೆರಿಗೆ ಇಲ್ಲ, ದಲಾಲಿಗೆ ಆ ವಿನಾಯಿತಿ ಇಲ್ಲ. 2025ರ ಏಪ್ರಿಲಿನಿಂದ ವರ್ಷಕ್ಕೆ 20,000 ರೂಪಾಯಿ ಮೀರಿದ ದಲಾಲಿಗೆ ನೂರಕ್ಕೆ 2ರಂತೆ ಮೊದಲೇ ಹಿಡಿದು ಕೊಡುತ್ತಾರೆ. ತೆರಿಗೆ ಬೀಳುವಷ್ಟು ವರಮಾನ ಇಲ್ಲದವರು ರಿಟರ್ನ್ ಸಲ್ಲಿಸಿ ಅದನ್ನು ಮರಳಿ ಪಡೆಯಬಹುದು.

ದಲಾಲಿ ಪಡೆಯುತ್ತೀರೆಂಬುದನ್ನು ಬಚ್ಚಿಡಬಾರದು. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಇದನ್ನು ಸ್ಪಷ್ಟವಾಗಿ ತಿಳಿಸಿದೆ. ಯಾವ ಭಾಷೆಯಲ್ಲಿ ಸರಕನ್ನು ಹೊಗಳುತ್ತೀರೋ ಅದೇ ಭಾಷೆಯಲ್ಲಿ ಹೇಳಬೇಕು. "ಈ ಲಿಂಕಿನಿಂದ ಕೊಂಡರೆ ನನಗೆ ದಲಾಲಿ ಬರುತ್ತದೆ, ನಿಮಗೆ ಬೆಲೆ ಹೆಚ್ಚಾಗುವುದಿಲ್ಲ" ಎಂದು ಮೊದಲಿಗೇ ಹೇಳಿಬಿಡಿ. ತಪ್ಪು ದಾರಿಗೆಳೆಯುವ ಪ್ರಚಾರಕ್ಕೆ 10 ಲಕ್ಷ ರೂಪಾಯಿಯವರೆಗೆ ದಂಡ ಹಾಕಲು ಕಾಯಿದೆಯಲ್ಲಿ ಅವಕಾಶವಿದೆ. ಕಾಯಿದೆಯ ಮಾತು ಬಿಡಿ, ನಿಮ್ಮ ಗಿರಾಕಿ ನಾಳೆ ಸಂತೆಯಲ್ಲಿ ಎದುರಿಗೇ ಸಿಗುತ್ತಾನೆ.

ಒಂದು ವಿಷಯದಲ್ಲಿ ನಾನು ಹಟಮಾರಿ. ಬೀಜಕ್ಕೂ ಕೀಟನಾಶಕಕ್ಕೂ ದಲಾಲಿಯ ಲಿಂಕ್ ಹಾಕಬೇಡಿ. ಪಂಪ್ ಕೆಟ್ಟರೆ ಮೂರು ಸಾವಿರ ಹೋಗುತ್ತದೆ, ಬೀಜ ಕೆಟ್ಟರೆ ವರ್ಷವೇ ಹೋಗುತ್ತದೆ. ಟಿ.ಎಸ್.-3ಆರ್, ಜಿ.ಆರ್.ಜಿ.-811 ಮುಂತಾದ ತೊಗರಿ ತಳಿಗಳ ಬಗ್ಗೆ, ರಾಯಚೂರು ಕೃಷಿ ವಿಶ್ವವಿದ್ಯಾಲಯದ ಪಲ್ಸ್ ಮ್ಯಾಜಿಕ್ ಸಿಂಪರಣೆಯ ಬಗ್ಗೆ ಧಾರಾಳವಾಗಿ ವಿಡಿಯೋ ಮಾಡಿರಿ, ನೋಡುವವರು ಬಹಳ. ಆದರೆ ಕೊಳ್ಳಲು ರೈತ ಸಂಪರ್ಕ ಕೇಂದ್ರಕ್ಕೋ ಪರವಾನಗಿ ಇರುವ ಅಂಗಡಿಗೋ ಕಳಿಸಿ, ಬಿಲ್ ಪಡೆಯಲು ಹೇಳಿ.

ಪರರ ಸರಕಿಗೆ ದಲಾಲಿ ಮಾಡುವಷ್ಟು ಜಾಣತನ ಇದ್ದವರಿಗೆ ಮನೆಯ ಸರಕು ಏಕೆ ಕಾಣುವುದಿಲ್ಲವೋ ನಾನರಿಯೆ. ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ಜೋಳದ ರೊಟ್ಟಿಯನ್ನು "ಕಲಬುರಗಿ ರೊಟ್ಟಿ" ಎಂಬ ಹೆಸರಿನಿಂದ ಮಾರಿ, 2025ರ ಜೂನಿನ "ಮನ್ ಕೀ ಬಾತ್" ಭಾಷಣದಲ್ಲಿ ಪ್ರಧಾನಿಯವರ ಬಾಯಲ್ಲಿ ಬಂದರು. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲೇ ಭೌಗೋಳಿಕ ಗುರುತು ಸಿಕ್ಕಿದೆ. ಅದರ ವಿಚಾರವನ್ನು ಇನ್ನೊಂದು ಸಂಚಿಕೆಯಲ್ಲಿ ಬರೆಯುತ್ತೇನೆ.

ಜೇವರ್ಗಿಯ ಆ ಹುಡುಗನಿಗೆ ಈ ಲೆಕ್ಕವನ್ನೆಲ್ಲ ಕಟ್ಟೆಯ ಮೇಲೆ ಕುಳಿತು ಒಂದು ಹಾಳೆಯಲ್ಲಿ ಬರೆದು ಕೊಟ್ಟೆ. 250 ಪಂಪು ಎಂಬಲ್ಲಿ ಬಹಳ ಹೊತ್ತು ಬೆರಳಿಟ್ಟುಕೊಂಡು ಕುಳಿತ. ಈಗ ನದಿಯ ಕಡೆಯ ಎರಡು ಎಕರೆಯನ್ನು ಮಾತ್ರ ಲಾವಣಿಗೆ ಕೊಟ್ಟು ನಾಲ್ಕನ್ನು ಉಳಿಸಿಕೊಂಡಿದ್ದಾನೆ. ತಾಡಪತ್ರಿಯ ಬಗ್ಗೆ ವಿಡಿಯೋ ಮಾಡುತ್ತಾನೆ: ಯಾವುದು ಎಷ್ಟು ಬಿಸಿಲು ತಾಳುತ್ತದೆ, ರಾಶಿಯ ಮೇಲೆ ಮಳೆ ಬಂದರೆ ಹೇಗೆ ಹೊದಿಸಬೇಕು ಎಂದು. ಏಳು ವಿಡಿಯೋ ಆಗಿವೆ, ಲಿಂಕ್ ಇನ್ನೂ ಹಾಕಿಲ್ಲ. ಏಳನೆಯದರಲ್ಲಿ ತಾಡಪತ್ರಿಯ ಇನ್ನೊಂದು ತುದಿ ಹಿಡಿದು ನಿಂತವರು ಅವನ ತಂದೆ.