ಹಿತ್ತಲಿನ ನಾಟಿ ಟೊಮೆಟೊಗೆ ಮನೆಯದೇ ಬೀಜ

ಸಂತೆಯ ಟೊಮೆಟೊ ಹಿಂಡಿ ಬೀಜ ಚೆಲ್ಲಿದರೆ ಗಿಡವೇನೋ ಏಳುತ್ತದೆ, ಆದರೆ ಹಣ್ಣು ತಾಯಿಯಂತಿರುತ್ತದೆಂಬ ಭರವಸೆಯಿಲ್ಲ. ಹೈಬ್ರಿಡ್ ಬೀಜ ಎರಡನೇ ತಲೆಮಾರಿಗೆ ಗಿಡಕ್ಕೊಂದು ಬಗೆಯಾಗಿಬಿಡುತ್ತದೆ. ನಾಟಿ ತಳಿ ಹಾಗಲ್ಲ. ಟೊಮೆಟೊ ಹೂವಿನಲ್ಲಿ ಪರಾಗಸ್ಪರ್ಶ ಬಹುಪಾಲು ಅದೇ ಹೂವಿನೊಳಗೆ ಮುಗಿಯುವುದರಿಂದ ಬೆರಕೆ ಕಡಿಮೆ. ಸಾರಿಗೆ ಹುಳಿ ಕೊಡುವ, ತೆಳು ಸಿಪ್ಪೆಯ ಆ ಹಣ್ಣು ಹಿತ್ತಲಲ್ಲಿ ಉಳಿಯಬೇಕೆಂದರೆ ಬೀಜ ನಾವೇ ಮಾಡಿಕೊಳ್ಳಬೇಕು.

ಬಯಲುಸೀಮೆಯಲ್ಲಿ ಸೆಪ್ಟೆಂಬರ್–ಅಕ್ಟೋಬರ್ ಬಿತ್ತನೆ ಒಳ್ಳೆಯದು. ಬಿಸಿಲು 35 ಡಿಗ್ರಿ ದಾಟಿದರೆ ಹೂ ಉದುರುತ್ತದೆ. ಬೀಜವನ್ನು ಅರ್ಧ ಸೆಂಟಿಮೀಟರ್‌ಗಿಂತ ಆಳಕ್ಕೆ ಹಾಕಬೇಡಿ. ಸಸಿಮಡಿಯಲ್ಲಿ ನೀರು ನಿಂತರೆ ಸಸಿಗಳು ಬುಡ ಕೊಳೆತು ಒರಗುತ್ತವೆ. 25–30 ದಿನದ ಸಸಿಯನ್ನು ಸಂಜೆ ಹೊತ್ತು, ಕಾಂಡ ಸ್ವಲ್ಪ ಹೂತುಹೋಗುವಂತೆ ನೆಡಿ. ಹೂತ ಕಾಂಡದಲ್ಲೂ ಬೇರೊಡೆಯುತ್ತದೆ. ಗಿಡದಿಂದ ಗಿಡಕ್ಕೆ ಎರಡು ಅಡಿ ಅಂತರ, ಪಕ್ಕಕ್ಕೊಂದು ಕೋಲು. ಬದನೆ, ಮೆಣಸಿನಕಾಯಿ ಬೆಳೆದ ಮಡಿ ಬೇಡ, ಸೊರಗು ರೋಗ ಮಣ್ಣಿನಲ್ಲೇ ಕಾದಿರುತ್ತದೆ. ನೀರು ಒಂದೇ ಹದದಲ್ಲಿರಲಿ. ಒಣಗಿಸಿ ಒಮ್ಮೆಲೇ ಸುರಿದರೆ ಕಾಯಿ ಸೀಳುತ್ತದೆ, ತುದಿ ಕಪ್ಪಾಗಿ ಕೊಳೆಯುತ್ತದೆ.

ದೊಡ್ಡ ಕಾಟ ಎಲೆ ಮುಟುರು ರೋಗದ್ದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಹೈಬ್ರಿಡ್ ‘ಅರ್ಕಾ ರಕ್ಷಕ್’ ಇದನ್ನು ತಡೆದುಕೊಳ್ಳುತ್ತದೆ. ನಾಟಿ ತಳಿಗೆ ಸಾಮಾನ್ಯವಾಗಿ ಆ ಬಲವಿಲ್ಲ. ರೋಗ ಹರಡುವುದು ಬಿಳಿ ನೊಣ. ಗಿಡ ಅಲುಗಿಸಿದಾಗ ಎಲೆಯಡಿಯಿಂದ ಬಿಳಿ ಪುಡಿಯಂತೆ ಎದ್ದರೆ ಅದೇ ನೊಣ. ಸಸಿಗೆ ಸಣ್ಣ ಕಣ್ಣಿನ ನೈಲಾನ್ ಬಲೆ ಹೊದಿಸುವುದೇ ಅತ್ಯುತ್ತಮ ಉಪಾಯ, ಬೇವಿನ ಎಣ್ಣೆ ಆಮೇಲಿನದು. ಮುಟುರಿದ ಗಿಡದ ಮೇಲೆ ಕನಿಕರ ಬೇಡ, ಕಿತ್ತುಹಾಕಿ.

ಇನ್ನು ಬೀಜ. ದಪ್ಪ ಹಣ್ಣು ಹುಡುಕುವ ಮೊದಲು ಗಿಡ ನೋಡಿ. ರೋಗವಿಲ್ಲದೆ, ಬುಡದಿಂದ ತುದಿಯವರೆಗೆ ಚೆನ್ನಾಗಿ ಕಾಯಿ ಹಿಡಿದ ಗಿಡಕ್ಕೆ ಕಾಯಿ ಹಸಿರಿರುವಾಗಲೇ ದಾರ ಕಟ್ಟಿ ಗುರುತಿಡಿ. ಸಾಧ್ಯವಾದರೆ ಒಂದಲ್ಲ, ನಾಲ್ಕಾರು ಗಿಡಗಳಿಗೆ. ಹಣ್ಣು ಗಿಡದಲ್ಲೇ ಕಳಿಯಲಿ. ಅಡ್ಡಲಾಗಿ ಕೊಯ್ದು ಬೀಜವನ್ನು ರಸದ ಸಮೇತ ಗಾಜಿನ ಲೋಟಕ್ಕೆ ಹಿಂಡಿ, ನೆರಳಲ್ಲಿಡಿ. ಎರಡು ಮೂರು ದಿನಕ್ಕೆ ಮೇಲೆ ಬಿಳಿ ಕೆನೆ ಕಟ್ಟಿ ಹುಳಿ ವಾಸನೆ ಬರುತ್ತದೆ. ಬೀಜ ಮೊಳೆಯದಂತೆ ತಡೆಯುವ ಲೋಳೆ ಕಳಚುತ್ತಿದೆಯೆಂದು ತಿಳಿಯಿರಿ. ಇನ್ನೂ ತಡಮಾಡಿದರೆ ಲೋಟದಲ್ಲೇ ಮೊಳೆಯುತ್ತದೆ. ನೀರು ಸುರಿದು ಕದಡಿದರೆ ಗಟ್ಟಿ ಬೀಜ ತಳಕ್ಕಿಳಿದು ಜೊಳ್ಳು ತೇಲುತ್ತದೆ, ಅದನ್ನು ಚೆಲ್ಲಿ. ತೊಳೆದ ಬೀಜವನ್ನು ತಟ್ಟೆಯಲ್ಲಿ ನೆರಳಲ್ಲೇ ಒಣಗಿಸಿ. ಕಾಗದಕ್ಕೆ ಹಾಕಿದರೆ ಅಂಟಿಕೊಳ್ಳುತ್ತದೆ. ಮೈಮೇಲೆ ನವಿರು ರೋಮವೆದ್ದು, ಬೆರಳಿಂದ ಸವರಿದಾಗ ಬಿಡಿಬಿಡಿಯಾದರೆ ಒಣಗಿದೆ.

ಬಾಟಲಿಗೆ ತುಂಬಿ ತಳಿ, ವರ್ಷ ಬರೆದು ತಂಪಾದ ಕಪಾಟಿನಲ್ಲಿಡಿ. ಮೂರ್ನಾಲ್ಕು ವರ್ಷ ಮೊಳೆಯುತ್ತದೆ. ಹಾಗಾಗಿ ಒಂದೇ ಹಂಗಾಮಿಗೆ ಎಲ್ಲವನ್ನೂ ಬಿತ್ತಬೇಡಿ. ಅರ್ಧ ಬಾಟಲಿಯಲ್ಲೇ ಉಳಿಯಲಿ, ಒಂದು ಹಿಡಿ ನೆರೆಮನೆಗೂ ಹೋಗಲಿ. ನಿಮ್ಮ ಬೆಳೆ ಕೈಕೊಟ್ಟ ವರ್ಷ ಅಲ್ಲಿಂದ ಕೇಳಿ ತರಬಹುದು.