ಮನೆಯಂಗಳದಲ್ಲೇ ಆಯಿಲ್ ಚೇಂಜ್

ಆಯುಧಪೂಜೆಯ ಹಿಂದಿನ ದಿನ ನಮ್ಮ ಬೀದಿಯ ನಲ್ಲಿಗಳಿಗೆ ಬಿಡುವೇ ಇರುವುದಿಲ್ಲ. ಕಾರು, ಸ್ಕೂಟರು, ಮಕ್ಕಳ ಸೈಕಲ್ಲು ಎಲ್ಲಕ್ಕೂ ಶಾಂಪೂ ಸ್ನಾನ. ಮರುದಿನ ಬಾನೆಟ್ಟಿಗೆ ಸೇವಂತಿಗೆ, ಬಾಳೆಕಂದು, ಚಕ್ರದಡಿ ನಿಂಬೆಹಣ್ಣು. ಬಾನೆಟ್ಟಿನ ಒಳಗೆ ವರ್ಷವಿಡೀ ಕಾದು ಕಾದು ಕರ್ರಗಾದ ಎಣ್ಣೆಯನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಕೆಲವು ವರ್ಷಗಳಿಂದ ನಾನು ಹಬ್ಬಕ್ಕೆ ಮುಂಚಿನ ಭಾನುವಾರವನ್ನು ಆ ಎಣ್ಣೆಗೆ ಮೀಸಲಿಟ್ಟಿದ್ದೇನೆ. ಹಬ್ಬದ ನೆಪದಲ್ಲಾದರೂ ತಾರೀಖು ಮರೆಯುವುದಿಲ್ಲ ಎಂಬುದು ಲೆಕ್ಕಾಚಾರ.

ಮೊದಲೇ ಹೇಳಿಬಿಡುತ್ತೇನೆ, ಇದರಿಂದ ಉಳಿಯುವ ದುಡ್ಡು ದೊಡ್ಡದೇನಲ್ಲ. ಎಣ್ಣೆ ಮತ್ತು ಫಿಲ್ಟರಿನ ಬೆಲೆ ಎಲ್ಲಿ ಮಾಡಿಸಿದರೂ ಕೊಡಬೇಕಾದ್ದೇ. ಉಳಿಯುವುದು ಕೂಲಿ, ಮೊದಲ ವರ್ಷ ಸಾಮಾನು ಕೊಳ್ಳುವಾಗ ಅದೂ ಖರ್ಚಾಗುತ್ತದೆ. ಆದರೆ ಯಾವ ಎಣ್ಣೆ ಹೋಯಿತು, ಎಷ್ಟು ಹೋಯಿತು, ಬೋಲ್ಟನ್ನು ಎಷ್ಟು ಬಿಗಿದದ್ದು ಎಂಬುದೆಲ್ಲ ನಿಮ್ಮ ಕಣ್ಣೆದುರೇ ಆಗಿರುತ್ತದೆ. ಇನ್ನೊಂದು ಮಾತು: ಬಿಚ್ಚುವುದು ಯಾರಿಗಾದರೂ ಬರುತ್ತದೆ, ಈ ಕೆಲಸ ಕೆಡುವುದು ಮುಚ್ಚುವಾಗ. ಹಾಗಾಗಿ ಮುಚ್ಚುವ ಭಾಗಕ್ಕೇ ಇಲ್ಲಿ ಹೆಚ್ಚು ಜಾಗ ಕೊಡುತ್ತೇನೆ.

ನಾನು ಹೇಳುತ್ತಿರುವುದು ಪೆಟ್ರೋಲಿನ ಸಣ್ಣ ಕಾರಿನ ಮಾತು; ವ್ಯಾಗನಾರ್, ಸ್ವಿಫ್ಟ್, ಐ10 ಗಾತ್ರದ್ದು. ಕಾರು ಇನ್ನೂ ವಾರಂಟಿಯಲ್ಲಿದ್ದರೆ ಈ ಸಾಹಸ ಬೇಡ. ನಾಳೆ ಎಂಜಿನ್ ಕೈಕೊಟ್ಟರೆ ಸರ್ವಿಸ್ ದಾಖಲೆ ಕೇಳುತ್ತಾರೆ.

ಯಾವಾಗ, ಯಾವ ಎಣ್ಣೆ

ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಕಾರು ವರ್ಷಕ್ಕೆ ಮೂರು ಸಾವಿರವೇ ಓಡಿದ್ದರೂ ವರ್ಷ ವರ್ಷವೇ. ಬರೀ ತರಕಾರಿ ಅಂಗಡಿಗೂ ಮಕ್ಕಳ ಶಾಲೆಗೂ ಎರಡೆರಡು ಕಿಲೋಮೀಟರ್ ಓಡುವ ಕಾರಿನ ಎಣ್ಣೆ ಬೇಗ ಹಾಳಾಗುತ್ತದೆ. ಎಂಜಿನ್ ಪೂರ್ತಿ ಕಾಯುವ ಮೊದಲೇ ನಿಲ್ಲಿಸುವುದರಿಂದ ಒಳಗೆ ಕೂಡಿದ ನೀರಿನ ಪಸೆ, ಪೆಟ್ರೋಲಿನ ಅಂಶ ಆವಿಯಾಗಿ ಹೋಗುವುದಿಲ್ಲ. ಮಳೆಗಾಲದಲ್ಲಿ ಎಣ್ಣೆ ಹೊಯ್ಯುವ ಮುಚ್ಚಳದ ಒಳಮೈಯಲ್ಲಿ ಬೆಣ್ಣೆಯಂಥ ಕೆನೆ ಕಂಡರೆ ಅದು ಬಹುಮಟ್ಟಿಗೆ ಇದೇ ಪಸೆ. ಆದರೆ ಡಿಪ್‌ಸ್ಟಿಕ್ಕಿನ ಎಣ್ಣೆಯೇ ಹಾಲು ಹಾಕಿದ ಕಾಫಿಯಂತಿದ್ದರೆ ಕೂಲೆಂಟ್ ಎಂಜಿನ್ನಿಗೆ ಇಳಿಯುತ್ತಿರಬಹುದು. ಆಗ ಎಣ್ಣೆ ಬದಲಿಸಿ ಸುಮ್ಮನಾಗದೆ ಮೆಕ್ಯಾನಿಕ್‌ಗೆ ತೋರಿಸಬೇಕು.

ಬಣ್ಣ ಕಪ್ಪಾಗಿದೆ ಎಂದ ಮಾತ್ರಕ್ಕೆ ಎಣ್ಣೆ ಕೆಟ್ಟಿದೆ ಎಂದೇನೂ ಇಲ್ಲ. ಮಸಿಯನ್ನು ಒಂದೆಡೆ ಗಟ್ಟಿಯಾಗಲು ಬಿಡದೆ ತನ್ನೊಳಗೆ ತೇಲಿಸಿಕೊಂಡಿರುವುದು ಎಣ್ಣೆಯ ಕೆಲಸವೇ.

ಡಬ್ಬದ ಮೇಲೆ 5ಡಬ್ಲ್ಯು-30 ಎಂದಿರುತ್ತದಲ್ಲ, ಅದರಲ್ಲಿ ಡಬ್ಲ್ಯು ಎಂದರೆ ಚಳಿಗಾಲ. ಮೊದಲ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಹೇಳಿದರೆ, ಎರಡನೆಯದು ಎಂಜಿನ್ ಕಾದಾಗ ಎಷ್ಟು ಮಂದ ಇರುತ್ತದೆ ಎಂದು ಹೇಳುತ್ತದೆ. ಈಚಿನ ಹಲವು ಸಣ್ಣ ಕಾರುಗಳಿಗೆ 0ಡಬ್ಲ್ಯು-20ರಷ್ಟು ತೆಳುವಾದದ್ದೇ ಬೇಕು. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ, ‘ಸಾರ್, ನಮ್ ಸೆಕೆಗೆ ಇದೆಲ್ಲಾ ನೀರು. 20-50 ಹಾಕ್ಕೊಳಿ, ಎಂಜಿನ್ ಗಟ್ಟಿ ಇರತ್ತೆ’ ಎನ್ನುವವರು ಸಿಗುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೂ ಕೇಳಬೇಡಿ. ಎಂಜಿನ್ನಿನ ಒಳಗಿನ ಸಂದುಗಳೂ ಪಂಪೂ ತೆಳು ಎಣ್ಣೆಗೆಂದೇ ಅಳೆದು ಮಾಡಿದವು. ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಬಿದ್ದಿರುವ ಓನರ್ಸ್ ಮ್ಯಾನುಯಲ್ ತೆರೆದು ಗ್ರೇಡ್, ಪ್ರಮಾಣ ಎರಡನ್ನೂ ಬರೆದುಕೊಳ್ಳಿ. ಈ ಗಾತ್ರದ ಕಾರುಗಳಿಗೆ ಫಿಲ್ಟರ್ ಸೇರಿ ಸುಮಾರು 3 ಲೀಟರ್, ಕೆಲವಕ್ಕೆ ಅದಕ್ಕಿಂತ ತುಸು ಹೆಚ್ಚು ಹಿಡಿಸುತ್ತದೆ.

ಉಳಿದ ಎಣ್ಣೆಯನ್ನು ಬೈಕಿಗೆ ಸುರಿಯುವ ಆಸೆ ಬೇಡ. ಬೈಕಿನ ಕ್ಲಚ್ಚು ಎಣ್ಣೆಯಲ್ಲೇ ಮುಳುಗಿರುತ್ತದೆ. ಕಾರಿನ ಎಣ್ಣೆಯ ಜಾರುಗುಣ ಹೆಚ್ಚಾಗಿ ಕ್ಲಚ್ಚು ಹಿಡಿಯದೇ ಹೋಗಬಹುದು. ಬೈಕಿನ ಎಣ್ಣೆಯ ಡಬ್ಬದ ಮೇಲೆ ಜಾಸೊ ಎಂಎ ಅಥವಾ ಎಂಎ2 ಎಂಬ ಗುರುತು ಇರಬೇಕು. ಗೇರಿಲ್ಲದ ಸ್ಕೂಟರಿನದು ಒಣ ಕ್ಲಚ್ಚು, ಅದರ ಎಣ್ಣೆಗೆ ಎಂಬಿ ಗುರುತು.

ಸಾಮಾನು

ಎಣ್ಣೆ, ಹೊಸ ಫಿಲ್ಟರ್, ಡ್ರೈನ್ ಬೋಲ್ಟಿನ ಹೊಸ ವಾಷರ್. ಈ ಮೂರನೆಯದನ್ನು ಕೇಳಿ ಪಡೆಯಿರಿ, ಅಂಗಡಿಯವರು ತಾವಾಗಿ ಕೊಡುವುದು ಕಡಿಮೆ. ನಕಲಿ ಎಣ್ಣೆಯ ಕಾಟ ಇರುವುದರಿಂದ ಪೆಟ್ರೋಲ್ ಬಂಕ್ ಅಥವಾ ಅಧಿಕೃತ ಡೀಲರ್ ಬಳಿಯೇ ಕೊಂಡರೆ ನೆಮ್ಮದಿ. ಬೋಲ್ಟಿಗೆ ಸರಿಹೊಂದುವ ರಿಂಗ್ ಸ್ಪ್ಯಾನರ್ ಬೇಕು. ಅನೇಕ ಸಣ್ಣ ಕಾರುಗಳಲ್ಲಿ 14 ನಂಬರಿನದು, ಕೆಲವಲ್ಲಿ 17. ಬಾಯಿ ತೆರೆದ ಸ್ಪ್ಯಾನರ್ ಹಾಕಿದರೆ ಬೋಲ್ಟಿನ ಮೂಲೆ ಸವೆದು ಗುಂಡಗಾಗುತ್ತದೆ. ಫಿಲ್ಟರ್ ಬಿಚ್ಚುವ ಪಟ್ಟಿ, ಕೊಳವೆ, ರಬ್ಬರ್ ಕೈಗವಸು, ಬನಿಯನ್ ವೇಸ್ಟ್, ನಾಲ್ಕೈದು ಲೀಟರ್ ಹಿಡಿಯುವ ಅಗಲ ಬಾಯಿಯ ಟಬ್ಬು. ಆ ಟಬ್ಬು ಮತ್ತೆ ಮನೆಯೊಳಗೆ ಬರುವಂತಿಲ್ಲ ಎಂದು ಮೊದಲೇ ತೀರ್ಮಾನವಾಗಿರಲಿ.

ಕಾರಿನಡಿಗೆ ಹೋಗುವ ಮುನ್ನ

ಎಣ್ಣೆ ತುಸು ಬೆಚ್ಚಗಿದ್ದರೆ ಚೆನ್ನಾಗಿ ಹರಿಯುತ್ತದೆ. ಐದು ನಿಮಿಷ ಎಂಜಿನ್ ಓಡಿಸಿ, ನಿಲ್ಲಿಸಿ, ಹತ್ತು ನಿಮಿಷ ಬಿಡಿ. ಊರಿಂದ ಬಂದ ಕೂಡಲೇ ಕೈಹಾಕಿದರೆ ಎಣ್ಣೆಯೂ ಪಕ್ಕದ ಸೈಲೆನ್ಸರ್ ಪೈಪೂ ಸುಡುತ್ತವೆ.

ಮಟ್ಟಸ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಫಸ್ಟ್ ಗೇರ್ ಹಾಕಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ದಪ್ಪ ಕಲ್ಲು ಕೊಡಿ. ಎತ್ತರ ಇರುವ ಕೆಲವು ಕಾರುಗಳಲ್ಲಿ ಎತ್ತದೆಯೇ ಕೈ ತಲುಪುತ್ತದೆ. ತಲುಪಿದರೆ ಎತ್ತಲೇ ಬೇಡಿ. ತಲುಪದಿದ್ದರೆ ಒಂದು ಜೊತೆ ಕಬ್ಬಿಣದ ರ‍್ಯಾಂಪ್ ಕೊಂಡು, ಹೊರಗೊಬ್ಬರು ನಿಂತು ದಾರಿ ತೋರುವಾಗ ಮುಂದಿನ ಚಕ್ರಗಳನ್ನು ಅದರ ಮೇಲೆ ಹತ್ತಿಸಿ, ಕಲ್ಲು ಕೊಡುವುದು ಹತ್ತಿಸಿದ ಮೇಲೆ. ಜಾಕಿಯಿಂದ ಎತ್ತುವವರು ಮ್ಯಾನುಯಲ್ ತೋರಿಸಿದ ಜಾಗದಲ್ಲೇ ಎತ್ತಿ, ಕೆಳಗೆ ಆಕ್ಸಲ್ ಸ್ಟ್ಯಾಂಡ್ ಕೊಟ್ಟು, ಕಾರನ್ನು ಒಮ್ಮೆ ಅಲುಗಿಸಿ ನೋಡಬೇಕು. ಡಿಕ್ಕಿಯಲ್ಲಿರುವ ಜಾಕಿ ಸ್ಟೆಪ್ನಿ ಬದಲಿಸಲು ಮಾತ್ರ. ಬರೀ ಅದರ ಮೇಲೆ ನಿಂತ ಕಾರಿನಡಿಗೆ ತಲೆ ಇಡಬಾರದು, ಒಂದೇ ಒಂದು ನಿಮಿಷಕ್ಕೂ. ಇಟ್ಟಿಗೆ, ಸಿಮೆಂಟ್ ಬ್ಲಾಕ್‌ಗಳು ಭಾರ ಹೊತ್ತು ಹೊತ್ತು ಯಾವ ಸೂಚನೆಯನ್ನೂ ಕೊಡದೆ ಒಡೆಯುತ್ತವೆ. ಇಷ್ಟು ಏರ್ಪಾಡು ಮಾಡಲಾಗದಿದ್ದರೆ ಗ್ಯಾರೇಜಿಗೇ ಹೋಗಿ, ಅದರಲ್ಲಿ ಅವಮಾನವೇನಿಲ್ಲ.

ಇಳಿಸುವುದು

ಬಾನೆಟ್ ತೆರೆದು, ಎಣ್ಣೆ ಹೊಯ್ಯುವ ಮುಚ್ಚಳ ಸಡಿಲಿಸಿ. ಗಾಳಿ ಆಡಿದರೆ ಎಣ್ಣೆ ತಡವರಿಸದೆ ಇಳಿಯುತ್ತದೆ. ಇನ್ನು ಕೆಳಗಿನ ಬೋಲ್ಟನ್ನು ಗುರುತಿಸುವ ಕೆಲಸ. ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಎಂಜಿನ್ನೂ ಗೇರ್‌ಬಾಕ್ಸೂ ಅಕ್ಕಪಕ್ಕ ಅಂಟಿಕೊಂಡಿರುತ್ತವೆ, ಗೇರ್‌ಬಾಕ್ಸಿಗೂ ಒಂದು ಡ್ರೈನ್ ಬೋಲ್ಟ್ ಇರುತ್ತದೆ. ಹೊಸಬರು ಅದನ್ನೇ ಬಿಚ್ಚಿ ಗೇರ್ ಆಯಿಲ್ ಇಳಿಸಿ, ತುಂಬಿದ್ದ ಎಂಜಿನ್ನಿಗೆ ಮತ್ತೆ ಮೂರು ಲೀಟರ್ ಸುರಿಯುವುದುಂಟು. ಹಾಗೆ ಓಡಿಸಿದರೆ ಎರಡೂ ಹಾಳು. ಡಿಪ್‌ಸ್ಟಿಕ್ ಮತ್ತು ಫಿಲ್ಟರ್ ಇರುವ ಭಾಗದ ನೇರ ಕೆಳಗಿನ ತೊಟ್ಟಿ ಎಂಜಿನ್ನಿನದು. ಮ್ಯಾನುಯಲ್ಲಿನ ಚಿತ್ರದ ಜೊತೆ ಹೋಲಿಸಿ ನೋಡಿ.

ಬೋಲ್ಟಿನ ತಲೆಗೆ ಮುಖಮಾಡಿ ಎಡಕ್ಕೆ ತಿರುಗಿಸಿದರೆ ಸಡಿಲ. ಸ್ಪ್ಯಾನರಿನಿಂದ ಬಿಡಿಸಿ, ಉಳಿದದ್ದನ್ನು ಬೆರಳಲ್ಲಿ ಬಿಚ್ಚುತ್ತಾ ಕೊನೆಯ ಸುತ್ತಿನವರೆಗೂ ಬೋಲ್ಟನ್ನು ಮೇಲಕ್ಕೆ ಒತ್ತಿ ಹಿಡಿದಿರಿ, ಆಮೇಲೆ ಸರಕ್ಕನೆ ಕೈ ತೆಗೆಯಿರಿ. ಎಣ್ಣೆ ಮೊದಲು ದೂರಕ್ಕೆ ಚಿಮ್ಮುತ್ತದೆ, ಇಳಿಯುತ್ತಾ ಹತ್ತಿರ ಬರುತ್ತದೆ; ಟಬ್ಬನ್ನೂ ಅದರ ಜೊತೆ ಸರಿಸಬೇಕು. ಬೋಲ್ಟು ಟಬ್ಬಿಗೆ ಬಿದ್ದೇ ಬೀಳುತ್ತದೆ, ಮೊದಲ ಸಲ ಎಲ್ಲರಿಗೂ.

ಹದಿನೈದು ನಿಮಿಷ ಹನಿಯಲಿ. ಅಷ್ಟರಲ್ಲಿ ಬೋಲ್ಟು ಒರೆಸಿ ನೋಡಿ. ಮೊನೆಯಲ್ಲಿ ಬೂದು ಬಣ್ಣದ ನಯವಾದ ಸರಿ ಅಂಟಿದ್ದರೆ ಅದು ವಯಸ್ಸಿನ ಸವೆತ. ಉಗುರಿಗೆ ಸಿಗುವಂಥ ಲೋಹದ ಚೂರು ಕಂಡರೆ ಮಾತ್ರ ತಡಮಾಡದೆ ಮೆಕ್ಯಾನಿಕ್ ಬಳಿ ಹೋಗಿ.

ಮುಚ್ಚುವುದು

ಹೊಸ ವಾಷರ್ ಹಾಕಿ ಬೋಲ್ಟನ್ನು ಬೆರಳಿನಿಂದಲೇ ಪೂರ್ತಿ ತಿರುಗಿಸಿ. ಅರ್ಧದಲ್ಲಿ ಬಿಗಿಯಾದರೆ ಮರೆ (ಥ್ರೆಡ್) ಅಡ್ಡ ಹತ್ತಿದೆ ಎಂದರ್ಥ. ಬಿಚ್ಚಿ ಮತ್ತೆ ಹಾಕಿ, ಸ್ಪ್ಯಾನರ್‌ನಿಂದ ಜುಲುಮೆ ಮಾಡಬೇಡಿ. ಕಡೆಯ ಬಿಗಿತ ಎಷ್ಟು? ಹಲವು ಸಣ್ಣ ಕಾರುಗಳಿಗೆ 35 ನ್ಯೂಟನ್ ಮೀಟರ್ ಆಸುಪಾಸು. ಟಾರ್ಕ್ ರೆಂಚ್ ಇಲ್ಲದವರಿಗೆ ಒಂದು ಅಂದಾಜು: 20 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಸುಮಾರು 18 ಕಿಲೋ ಭಾರ ಎಳೆದಷ್ಟು. ತುಂಬಿದ ಬಕೆಟ್ಟನ್ನು ಒಂದು ಕೈಯಲ್ಲಿ ಎತ್ತುವಾಗ ತೋಳು ಎಷ್ಟು ಬಿಗಿಯುತ್ತದೋ ಅಷ್ಟು ಸಾಕು. ಒಮ್ಮೆ ಒಂದು ಗ್ಯಾರೇಜಿನಲ್ಲಿ ನಮ್ಮ ಕಾರಿನ ಬೋಲ್ಟನ್ನು ಅದೆಷ್ಟು ಬಿಗಿದಿದ್ದರೋ, ಮುಂದಿನ ಸಲ ಬಿಚ್ಚುವಾಗ ತೊಟ್ಟಿಯ ಮರೆಯೇ ಸುರುಳಿ ಸುರುಳಿಯಾಗಿ ಹೊರಬಂತು. ಸೋರದಿರಲಿ ಎಂದು ಬಿಗಿದದ್ದು ಕೊನೆಗೆ ಸೋರುವುದಕ್ಕೇ ದಾರಿಯಾಯಿತು.

ಆಮೇಲೆ ಫಿಲ್ಟರ್. ಟಬ್ಬನ್ನು ಅದರ ಕೆಳಕ್ಕೆ ಸರಿಸಿ, ಪಟ್ಟಿಯಿಂದ ಸಡಿಲಿಸಿ, ಕೈಯಲ್ಲಿ ಬಿಚ್ಚಿ. ಬಿಚ್ಚಿದ ಫಿಲ್ಟರನ್ನು ಮಗುಚಿ ಅದರ ಕಪ್ಪು ರಬ್ಬರ್ ಬಳೆ ಅದರಲ್ಲೇ ಇದೆಯೇ ಎಂದು ನೋಡಿ. ಇಲ್ಲವಾದರೆ ಅದು ಎಂಜಿನ್ನಿಗೆ ಅಂಟಿ ಕೂತಿದೆ. ನನ್ನ ಮೊದಲ ಭಾನುವಾರ ನಾನು ನೋಡಲಿಲ್ಲ. ಹಳೆ ಬಳೆಯ ಮೇಲೆ ಹೊಸ ಬಳೆ ಕೂತಿತು, ಎಂಜಿನ್ ಹಚ್ಚಿದ ಕೂಡಲೇ ಒತ್ತಡಕ್ಕೆ ಎರಡರ ನಡುವಿಂದ ಹೊಸ ಎಣ್ಣೆ ಹರಿದು ಬಂತು. ಅಂಗಳದಲ್ಲಿ ಮನೆಯವಳು ದಿನಾ ರಂಗೋಲಿ ಹಾಕುವ ಜಾಗ ಅದು. ‘ಇದೇನ್ರೀ, ಹಬ್ಬಕ್ಕೆ ಇದೇ ರಂಗೋಲಿನಾ?’ ಎಂದಳು. ಒಲೆಬೂದಿ, ಮರದ ಹೊಟ್ಟು ಸುರಿದು ಬಳಿದು, ಸೋಪಿನ ಪುಡಿ ಹಾಕಿ ಉಜ್ಜಿದರೂ ಕಲೆ ಇನ್ನೂ ಇದೆ.

ಹಾಗಾಗಿ ಫಿಲ್ಟರ್ ಕೂರುವ ಜಾಗವನ್ನು ಬಟ್ಟೆಯಿಂದ ಒರೆಸಿ, ಬೆರಳಾಡಿಸಿ ನೋಡಿ. ಹೊಸ ಫಿಲ್ಟರಿನ ಬಳೆಗೆ ಹೊಸ ಎಣ್ಣೆಯನ್ನು ತೆಳ್ಳಗೆ ಸವರಿ. ಒಣಗಿದ್ದರೆ ಬಳೆ ಮುದುಡುತ್ತದೆ, ಮುಂದಿನ ವರ್ಷ ಬಿಚ್ಚುವಾಗಲೂ ಹಟ ಮಾಡುತ್ತದೆ. ಬಳೆ ಮುಟ್ಟುವವರೆಗೆ ತಿರುಗಿಸಿ, ಆಮೇಲೆ ಮುಕ್ಕಾಲು ಸುತ್ತು, ಬರಿಗೈಯಲ್ಲಿ. ಎಷ್ಟು ಸುತ್ತು ಎಂಬುದು ಫಿಲ್ಟರಿನ ಮೈಮೇಲೋ ಡಬ್ಬಿಯ ಮೇಲೋ ಅಚ್ಚಾಗಿರುತ್ತದೆ. ಬಿಚ್ಚಲು ಬಳಸಿದ ಪಟ್ಟಿ ಬಿಗಿಯಲು ಬೇಡ.

ತುಂಬುವುದು

ಮ್ಯಾನುಯಲ್ ಹೇಳಿದ ಪ್ರಮಾಣದಲ್ಲಿ ಕಾಲು ಲೀಟರ್ ಹಿಂದೆ ಉಳಿಸಿ, ಉಳಿದದ್ದನ್ನು ನಿಧಾನವಾಗಿ ಹೊಯ್ಯಿರಿ. ಮುಚ್ಚಳ ಹಾಕಿ, ಗೇರನ್ನು ನ್ಯೂಟ್ರಲ್‌ಗೆ ತಂದು ಎಂಜಿನ್ ಹಚ್ಚಿ, ಆಕ್ಸಿಲರೇಟರ್ ತುಳಿಯದೆ ಡ್ಯಾಶ್‌ಬೋರ್ಡಿನ ಕೆಂಪು ಎಣ್ಣೆದೀಪ ನೋಡುತ್ತಿರಿ. ಕೆಲವೇ ಸೆಕೆಂಡುಗಳಲ್ಲಿ ಆರಬೇಕು. ಆರದಿದ್ದರೆ ಆಫ್ ಮಾಡಿ. ಆರಿದ ಮೇಲೆ ಎರಡು ನಿಮಿಷ ಓಡಲಿ. ಕಾರಿನಡಿಗೆ ತೂರದೆ, ಟಾರ್ಚ್ ಹಿಡಿದು ಬೋಲ್ಟು, ಫಿಲ್ಟರ್ ಎರಡೂ ಒಣಗಿವೆಯೇ ಎಂದು ಬಗ್ಗಿ ನೋಡಿ.

ಕಾರನ್ನು ಮಟ್ಟಸ ನೆಲಕ್ಕೆ ಇಳಿಸಿ, ಎಂಜಿನ್ ನಿಲ್ಲಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಒರೆಸಿ ಅದ್ದಿ ತೆಗೆಯಿರಿ. ಎರಡು ಗುರುತುಗಳ ನಡುವೆ, ಮೇಲಿನದಕ್ಕೆ ಹತ್ತಿರ ಇರಬೇಕು. ಕಮ್ಮಿ ಇದ್ದರೆ ಉಳಿಸಿದ್ದರಲ್ಲಿ ಸ್ವಲ್ಪ ಸ್ವಲ್ಪವೇ ಸೇರಿಸಿ. ಮೇಲಿನ ಗುರುತು ದಾಟಿದರೆ ಒಳಗೆ ತಿರುಗುವ ಕ್ರ್ಯಾಂಕ್ ಎಣ್ಣೆಯನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆ ಎಬ್ಬಿಸುತ್ತದೆ, ನೊರೆ ಲೋಹವನ್ನು ಕಾಯುವುದಿಲ್ಲ.

ಕರಿ ಎಣ್ಣೆ ಎಲ್ಲಿಗೆ?

ಹಳ್ಳಿಯಲ್ಲಿ ಇದಕ್ಕೆ ಗಿರಾಕಿಗಳು ಬಹಳ. ಗೆದ್ದಲು ಹತ್ತದಿರಲೆಂದು ಬೇಲಿ ಗೂಟಕ್ಕೆ, ಕಾಂಕ್ರೀಟ್ ಅಂಟದಿರಲೆಂದು ಸೆಂಟ್ರಿಂಗ್ ಹಲಗೆಗೆ ಬಳಿಯುತ್ತಾರೆ. ನಮ್ಮ ಅಪ್ಪನೂ ದನದ ಕೊಟ್ಟಿಗೆಯ ಕಂಬಕ್ಕೆ ಬಳಿಯುತ್ತಿದ್ದರು. ಆದರೆ ಒಂದು ವರ್ಷ ಎಂಜಿನ್ನಿನಲ್ಲಿದ್ದ ಎಣ್ಣೆಯಲ್ಲಿ ಸವೆದ ಲೋಹ, ಸುಟ್ಟ ಇಂಧನದ ವಿಷ ಎರಡೂ ಇರುತ್ತವೆ. ಗೂಟದಿಂದ ಮಳೆಗೆ ಇಳಿದದ್ದು ತೋಟದ ಮಣ್ಣಿಗೆ, ಅಲ್ಲಿಂದ ಬಾವಿಗೆ. ಚರಂಡಿಗೆ ಚೆಲ್ಲಿದರೆ ಕೆರೆಗೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ಎಣ್ಣೆಗೂ ಅನ್ವಯಿಸುತ್ತವೆ. 2024ರ ಏಪ್ರಿಲ್ 1ರಿಂದ ಅದನ್ನು ಮರುಬಳಕೆಗೆ ತಲುಪಿಸುವ ಹೊಣೆಯನ್ನು ಎಣ್ಣೆ ತಯಾರಕರು, ಆಮದುದಾರರ ಮೇಲೂ ಹೊರಿಸಲಾಗಿದೆ. ಶುದ್ಧಮಾಡಿದರೆ ಅದು ಮತ್ತೆ ಎಣ್ಣೆಯೇ ಆಗಬಲ್ಲದು, ಬೇರೇನೂ ಬೆರೆತಿರಬಾರದು ಅಷ್ಟೇ. ಟಬ್ಬಿನಲ್ಲಿ ಇರುವುದನ್ನು ಹೊಸ ಎಣ್ಣೆ ಬಂದ ಡಬ್ಬಕ್ಕೇ ತುಂಬಿ, ನೀರು, ಕೂಲೆಂಟ್, ಪೆಟ್ರೋಲ್ ಸೇರದಂತೆ ನೋಡಿಕೊಳ್ಳಿ. ಡಬ್ಬದ ಚೀಟಿಯನ್ನು ಕಿತ್ತುಹಾಕಿ, ಮೇಲೆ ‘ಹಳೆ ಎಣ್ಣೆ’ ಎಂದು ದಪ್ಪಗೆ ಬರೆಯಿರಿ. ಕರಿ ಎಣ್ಣೆಯನ್ನು ಡ್ರಮ್ಮಿನಲ್ಲಿ ಕೂಡಿಟ್ಟು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಬಳಕೆದಾರರಿಗೆ ಕೊಡುವ ಸರ್ವಿಸ್ ಸೆಂಟರಿಗೆ ಮುಟ್ಟಿಸಿ. ಯಾರಿಗೆ ಕೊಡುತ್ತೀರಿ ಎಂದು ಕೇಳಿಯೇ ಕೊಡಿ. ಹಳೆ ಫಿಲ್ಟರನ್ನು ಒಂದು ರಾತ್ರಿ ಮಗುಚಿ ಬಸಿದು ಅದರ ಜೊತೆಗೇ ಕೊಟ್ಟುಬಿಡಿ.

ಬಾನೆಟ್ಟಿನ ಒಳಗೆ ಒಂದು ಚೀಟಿಯ ಮೇಲೆ ತಾರೀಖು, ಓಡಿದ ಕಿಲೋಮೀಟರ್, ಎಣ್ಣೆಯ ಗ್ರೇಡ್ ಬರೆದು ಅಂಟಿಸಿ. ಬಿಲ್ಲು ಮ್ಯಾನುಯಲ್ಲಿನ ಒಳಗಿರಲಿ, ಕಾರು ಮಾರುವಾಗ ಕೇಳುತ್ತಾರೆ. ಆ ರಾತ್ರಿ ಎಂಜಿನ್ನಿನ ಕೆಳಗೆ ಹಳೆಯ ಪತ್ರಿಕೆಯೊಂದನ್ನು ಬಿಡಿಸಿ ಹಾಸಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಕಲ್ಲಿಡಿ. ಬೆಳಗ್ಗೆ ಕಾಫಿ ಲೋಟ ಹಿಡಿದು ಬಗ್ಗಿ ನೋಡಿ. ಹನಿ ಬಿದ್ದಿದ್ದರೆ ಕಾರು ತೆಗೆಯಬೇಡಿ, ಸ್ಪ್ಯಾನರ್ ತೆಗೆಯಿರಿ.